ಬಣ್ಣದ ಮೇಲಣ ಜೇಡರಬಲೆ

ಕಪ್ಪು ಅಥವಾ ಕಡುಗೆಂಪು ಬಣ್ಣದ ಕಾರೊಂದನ್ನು ಮೋಡ ಮುಸುಕಿದ ದಿನ ನೋಡಿದರೆ ಅದರ ಮೈಯಲ್ಲಿ ದೋಷವೇನೂ ತೋರದು. ಅದೇ ಕಾರು ಮಧ್ಯಾಹ್ನದ ಬಿಸಿಲಿನಲ್ಲಿ ಸವದತ್ತಿಯ ಪೇಟೆಯಲ್ಲಿ ನಿಂತಿರಲಿ. ಸೂರ್ಯನ ಪ್ರತಿಬಿಂಬದ ಸುತ್ತಲೂ ಅಸಂಖ್ಯಾತ ಸಣ್ಣ ಗೀರುಗಳು ಜೇಡರಬಲೆಯಂತೆ ಸುತ್ತುಸುತ್ತಾಗಿ ಮಿನುಗುವುವು. ಸಾಧಾರಣ ಕಾರಿನಲ್ಲಿ ಇದನ್ನು ಅನೇಕರು ಗಮನಿಸುವುದೇ ಇಲ್ಲ. ಸ್ಪೋರ್ಟ್ಸ್ ಕಾರಿನ ಮಾತು ಬೇರೆ. ಅದರ ಮೈಯೆಲ್ಲ ಬಾಗುಬಳುಕು. ಪ್ರತಿಯೊಂದು ಬಾಗೂ ಬೆಳಕನ್ನು ಹಿಡಿದು ತನ್ನದೊಂದು ಬಲೆಯನ್ನು ತೋರಿಸುವುದು. ಈ ಬಲೆ ಎಲ್ಲಿಂದ ಬಂದಿತು, ಅದನ್ನು ತೆಗೆಯುವಾಗ ನಾವು ನಿಜವಾಗಿ ತೆಗೆಯುವುದು ಏನನ್ನು ಎಂಬುದನ್ನು ಪರಿಶೀಲಿಸೋಣ.

ಬಟ್ಟೆಯನ್ನು ಸುತ್ತುಸುತ್ತಾಗಿ ಆಡಿಸಿ ಒರೆಸಿದುದರಿಂದಲೇ ಗೀರುಗಳು ಸುತ್ತಾಗಿವೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಬಹುಮಟ್ಟಿಗೆ ಕಣ್ಣಿನ ಭ್ರಮೆ. ವಾಚಕರು ಮನೆಯಲ್ಲಿ ದಿನವೂ ತಿಕ್ಕಿ ತೊಳೆಯುವ ಸ್ಟೀಲಿನ ತಟ್ಟೆಯೊಂದನ್ನು ದೀಪದ ಕೆಳಗೆ ಹಿಡಿದು ನೋಡಲಿ. ಅಲ್ಲಿಯೂ ದೀಪದ ಬಿಂಬದ ಸುತ್ತ ವರ್ತುಲಗಳು ಕಾಣುವುವು. ತಲೆಯನ್ನು ಆಚೀಚೆ ಸರಿಸಿದರೆ ವರ್ತುಲಗಳ ಕೇಂದ್ರವೂ ಬಿಂಬದೊಡನೆ ಸರಿಯುವುದು. ಗೀರುಗಳೇ ವರ್ತುಲಾಕಾರವಾಗಿದ್ದರೆ ಅವು ಹಾಗೆ ಚಲಿಸುತ್ತಿರಲಿಲ್ಲವಷ್ಟೆ! ನಿಜವೇನೆಂದರೆ, ಗೀರುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿ ಹರಡಿರುವುವು. ಪ್ರತಿಯೊಂದು ಗೀರೂ ತನಗೆ ಅಡ್ಡಲಾಗಿ ಬಂದ ಬೆಳಕನ್ನು ಮಾತ್ರ ನಮ್ಮ ಕಣ್ಣಿನ ಕಡೆಗೆ ತಿರುಗಿಸಬಲ್ಲುದು. ಆದುದರಿಂದ ಬಿಂಬದ ಸುತ್ತ ವರ್ತುಲಕ್ಕೆ ಹೊಂದಿಕೊಂಡು ಮಲಗಿರುವ ಗೀರುಗಳಷ್ಟೇ ಮಿನುಗಿ, ಉಳಿದವು ಅಡಗಿಬಿಡುವುವು.

ಇನ್ನು ಗೀರುವ ವಸ್ತು ಯಾವುದು? ಬೆಳಗಾವಿ ಜಿಲ್ಲೆಯ ಈ ಭಾಗದಲ್ಲಿ ಉತ್ತರವನ್ನು ಕಾಲ ಕೆಳಗೇ ಹುಡುಕಬೇಕು. ಬೈಲಹೊಂಗಲದ ಸುತ್ತಣ ಎರೆಮಣ್ಣು ಬಹುಪಾಲು ಮೆತ್ತನೆಯ ಜೇಡಿಯ ಕಣಗಳಿಂದಾದುದು. ಮಳೆಗಾಲದಲ್ಲಿ ಗಾಲಿಗೆ ಗೊಜ್ಜಿನಂತೆ ಮೆತ್ತಿಕೊಳ್ಳುವುದೇ ಹೊರತು ತಾನಾಗಿ ಗೀರುವುದು ಕಡಿಮೆ. ಮಲೆನಾಡಿನ ಸೆರಗಿಗೆ ಹತ್ತಿದ ಕಿತ್ತೂರಿನ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಸೇರಿರುವುದು. ಅದು ಇನ್ನಷ್ಟು ಗಡಸು. ಸವದತ್ತಿ, ರಾಮದುರ್ಗಗಳ ಸ್ಥಿತಿಯೇ ಬೇರೆ. ಅಲ್ಲಿಯ ಗುಡ್ಡಗಳು ಕಲಾದಗಿ ಶಿಲಾಸಮೂಹಕ್ಕೆ ಸೇರಿದವು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವನ್ನು ವಿವರಿಸಿರುವನು. ಮಲಪ್ರಭೆ ನವಿಲುತೀರ್ಥದಲ್ಲಿ ಕೊರೆದು ಹರಿದಿರುವುದು ಈ ಬೆಣಚುಗಲ್ಲಿನ ಸಾಲನ್ನೇ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್‌ನ ಮಾನದಲ್ಲಿ ಬೆಣಚಿಗೆ 7ನೆಯ ಸ್ಥಾನ. ಚಾಕುವಿನ ಉಕ್ಕೂ ಕಿಟಕಿಯ ಗಾಜೂ ಅದಕ್ಕಿಂತ ಕೆಳಗಿನವು. ಕಾರಿನ ಬಣ್ಣವೆಂದರೆ ಒಂದು ಬಗೆಯ ಪ್ಲಾಸ್ಟಿಕ್. ಬೆಣಚಿನ ಮುಂದೆ ಅದರ ಪಾಡೇನು?

ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಹೋಗಿಬಂದ ವಾಹನಗಳನ್ನು ನೋಡಿದವರಿಗೆ ಇದು ಚೆನ್ನಾಗಿ ತಿಳಿಯುವುದು. ಗಾಡಿಯ ಮೈಮೇಲೆಲ್ಲ ಭಂಡಾರ. ಅರಿಷಿಣದ ಪುಡಿ ಸಸ್ಯಮೂಲವಾದುದು, ಮೃದುವಾದುದು. ಅದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಬಿಸಿಲಿಗೆ ತಾನಾಗಿಯೇ ಮಾಸುವುದು. ಅಪಾಯವಿರುವುದು ಅದರಲ್ಲಲ್ಲ. ಭಂಡಾರವನ್ನು ಕಂಡು ಒಣಬಟ್ಟೆಯಿಂದ ಬರಬರನೆ ಒರೆಸುವ ಅವಸರದಲ್ಲಿ ಅಪಾಯವಿದೆ. ಗುಡ್ಡದ ಬೆಣಚಿನ ಧೂಳು ಅದರೊಡನೆ ಬೆರೆತಿರುವುದರಿಂದ, ಬಟ್ಟೆ ಆ ಕ್ಷಣದಲ್ಲಿ ಉಪ್ಪುಕಾಗದವಾಗಿಬಿಡುವುದು. ಡಿಕ್ಕಿಯಲ್ಲಿ ಸದಾ ಒಂದು ಚಿಂದಿಯನ್ನಿಟ್ಟುಕೊಂಡು ಗಾಡಿಯನ್ನು ಹೊಳೆಯಿಸುವ ಶ್ರದ್ಧಾವಂತ ಚಾಲಕನ ಕಾರಿನಲ್ಲೇ ಬಲೆ ದಟ್ಟವಾಗಿರುವುದುಂಟು.

ಈಗ ಬಣ್ಣದ ರಚನೆಯನ್ನು ನೋಡೋಣ. ಇಂದಿನ ಕಾರುಗಳ ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅಸ್ತರಿ, ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಹೊದಿಕೆ ಹೀಗೆ ಒಂದರ ಮೇಲೊಂದು ಇರುವುವು. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಪಾರದರ್ಶಕ ಹೊದಿಕೆ ಇದರಲ್ಲಿ 40 ಮೈಕ್ರಾನಿನ ಆಸುಪಾಸು, ಅಂದರೆ ತಲೆಗೂದಲಿಗಿಂತ ತೆಳು. ಬಲೆಯ ಗೀರುಗಳೆಲ್ಲ ಈ ಹೊದಿಕೆಯ ಮೇಲ್ಭಾಗದಲ್ಲಿಯೇ ಇರುವುವು. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಕೆಳಗಣ ಬಣ್ಣವನ್ನು ಕಾಯುವ ದ್ರವ್ಯಗಳಿರುವುದೂ ಇದರಲ್ಲಿಯೇ.

ಗೀರನ್ನು ತೆಗೆಯುವುದೆಂದರೆ ಅದನ್ನು ತುಂಬುವುದಲ್ಲ. ನೇಗಿಲಿನ ಸಾಲನ್ನು ಅಳಿಸಲು ರೈತನು ಕುಂಟೆ ಹೊಡೆದು ಪಕ್ಕದ ಮಣ್ಣನ್ನು ಎಳೆದು ತುಂಬುವನು. ಬಣ್ಣದಲ್ಲಿ ಹಾಗೆ ಎಳೆಯಲು ಸಡಿಲವಾದ ಮಣ್ಣಿಲ್ಲ. ಸಾಲಿನ ತಳದವರೆಗೆ ಹೊಲವನ್ನೇ ತಗ್ಗಿಸಬೇಕು! ಎರಡು ಮೈಕ್ರಾನಿನ ಗೀರು ಹೋಗಬೇಕಾದರೆ ಸುತ್ತಲ ಹೊದಿಕೆಯೆಲ್ಲ ಎರಡು ಮೈಕ್ರಾನ್ ಸವೆಯಬೇಕು. ಒಂದು ಸಲಕ್ಕೆ ಇದು ಅಲ್ಪ. ವರ್ಷ ವರ್ಷವೂ ದೀಪಾವಳಿಗೊಮ್ಮೆ ಮಾಡಿಸಿದರೆ ಕೆಲವೇ ವರ್ಷಗಳಲ್ಲಿ ಕವಚವು ಬಿಸಿಲಿಗೆ ನಿಲ್ಲಲಾರದಷ್ಟು ತೆಳುವಾಗಿ, ಮುಂದೆ ಬೆಳ್ಳಗೆ ಪೊರೆ ಬಿಡುವುದು. ಆಗ ಹೊಸದಾಗಿ ಬಣ್ಣ ಹೊಡೆಸುವುದಲ್ಲದೆ ಬೇರೆ ಉಪಾಯವಿಲ್ಲ. ಎಲ್ಲ ಗೀರನ್ನೂ ತೆಗೆದುಕೊಡುವೆವೆಂಬ ಮಾತನ್ನು ನಾವು ಸಂದೇಹದಿಂದಲೇ ಕೇಳಬೇಕು. ಉಗುರನ್ನು ಅಡ್ಡಲಾಗಿ ಎಳೆದಾಗ ತಡೆಯುವಷ್ಟು ಆಳವಾದ ಗೀರನ್ನು ಅಂಚು ಮೃದುಮಾಡಿ ಬಿಟ್ಟುಬಿಡುವುದೇ ಜಾಣತನ.

ಹೊಳಪು ಎಂದರೇನೆಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಬಹುಕಾಲ ವಾದವಿದ್ದಿತು. ಗಾಜನ್ನು ಉಜ್ಜುವುದೆಂದರೆ ದೊಡ್ಡ ಗೀರುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗಿ ಮಾಡುವುದೇ ಎಂದು ನ್ಯೂಟನ್ 1704ರ ತನ್ನ ದೃಗ್ವಿಜ್ಞಾನದ ಗ್ರಂಥದಲ್ಲಿ ಹೇಳಿದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೀಲ್ಬಿ ಎಂಬವನು, ಉಜ್ಜಿದ ಲೋಹದ ಮೇಲ್ಮೈ ದ್ರವದಂತೆ ಹರಿದು ಗೀರನ್ನು ಮುಚ್ಚುವುದೆಂದು ಪ್ರತಿಪಾದಿಸಿದನು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಬಳಿಕ ಲೋಹಗಳ ಮಟ್ಟಿಗೆ ನ್ಯೂಟನ್ನನ ಪಕ್ಷವೇ ಮೇಲಾಯಿತು. ಗೋಚರ ಬೆಳಕಿನ ಅಲೆಯುದ್ದ ಸುಮಾರು 0.4ರಿಂದ 0.7 ಮೈಕ್ರಾನ್, ಉಬ್ಬುತಗ್ಗುಗಳು ಇದಕ್ಕಿಂತ ಬಹಳ ಸಣ್ಣವಾದರೆ ಬೆಳಕಿಗೆ ಅವು ಇಲ್ಲದಂತೆಯೇ.

ಕೆಲಸದ ಕ್ರಮವೂ ಇದರಿಂದಲೇ ಹುಟ್ಟುವುದು. ಮೊದಲು ಧಾರಾಳವಾಗಿ ನೀರು ಹಾಯಿಸಿ ಧೂಳನ್ನು ತೇಲಿಸಬೇಕು. ತೊಳೆಯುವ ಬಟ್ಟೆಯನ್ನು ಅದ್ದಲು ಒಂದು ಬಕೆಟ್ಟು, ಕೊಳೆ ಹಿಂಡಲು ಇನ್ನೊಂದು ಇರಲಿ. ಕಾರು ನೆರಳಿನಲ್ಲಿ ತಣ್ಣಗಿರಬೇಕು. ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಲೇಪ ಒಣಗಿ ಕಚ್ಚಿಕೊಳ್ಳುವುದು. ಉಜ್ಜುವ ಲೇಪದಲ್ಲಿ ಸಾಮಾನ್ಯವಾಗಿರುವುದು ಅಲ್ಯೂಮಿನಿಯಂ ಆಕ್ಸೈಡಿನ ಅತಿ ಸಣ್ಣ ಪುಡಿ. ಅದರ ಕಾಠಿಣ್ಯ 9. ಅತ್ಯಂತ ಸೌಮ್ಯವಾದ ಲೇಪವನ್ನು ಒಂದು ಗೇಣಗಲದ ಮೂಲೆಯಲ್ಲಿ ಪರೀಕ್ಷಿಸಿ, ಅದು ಸಾಲದಿದ್ದರೆ ಮಾತ್ರ ಉಗ್ರವಾದುದನ್ನು ಹಿಡಿಯಬೇಕು. ಒಂದೇ ಅಕ್ಷದ ಮೇಲೆ ಗಿರಗಿರನೆ ತಿರುಗುವ ಯಂತ್ರವು ಬೇಗ ಕೆಲಸ ಮಾಡುವುದು, ಬೇಗ ಕೆಡಿಸುವುದು. ತಿರುಗುತ್ತಲೇ ಓಲಾಡುವ ಯಂತ್ರ ಕಲಿಯುವವರಿಗೆ ಕ್ಷೇಮ. ಏಣುಗಳಲ್ಲಿ ಬಣ್ಣ ತೆಳು, ಒತ್ತಡ ಹೆಚ್ಚು. ಅಲ್ಲಿ ಕೈ ಹಗುರವಾಗಿರಲಿ.

ಉಜ್ಜುವ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಬೇಕು. ಹಳೆಯ ಅಂಬಾಸಡರಿನಂತಹ ಗಾಡಿಯಲ್ಲಿ ಪಾರದರ್ಶಕ ಹೊದಿಕೆ ಇರಲಿಲ್ಲವಾದುದರಿಂದ ಹಾಗಾಗುವುದು ಸಹಜ. ಇಂದಿನ ಕಾರಿನಲ್ಲಿ ಹೊದಿಕೆ ಮುಗಿಯಿತೆಂದೇ ಅದರರ್ಥ. ಕಾಂತೀಯ ಉಪಕರಣದಿಂದ ಬಣ್ಣದ ದಪ್ಪವನ್ನು ಮೊದಲೇ ಅಳೆಯಬಹುದು, ಆದರೆ ಉಕ್ಕಿನ ಮೇಲೆ ಮಾತ್ರ. ಸ್ಪೋರ್ಟ್ಸ್ ಕಾರುಗಳಲ್ಲಿ ಹಲವದರ ಮೈ ನಾರುಗಾಜಿನದು. ಬೆಂಗಳೂರಿನ ಸ್ಯಾನ್ ಸಂಸ್ಥೆಯ ಸ್ಟಾರ್ಮ್ ಎಂಬ ಎರಡು ಆಸನಗಳ ಕಾರು ಅಂತಹುದು. ಅಲ್ಲಿ ಶ್ರವಣಾತೀತ ಶಬ್ದದಿಂದ ಅಳೆಯುವ ಉಪಕರಣ ಬೇಕು. ಮೇಲಾಗಿ ನಾರುಗಾಜು ಲೋಹದಂತೆ ಬಿಸಿಯನ್ನು ಹರಡದು. ಯಂತ್ರ ಒಂದೇ ಕಡೆ ನಿಂತರೆ ಬಣ್ಣ ಸುಡುವುದು.

ಕೆಲಸ ಮುಗಿದ ಮೇಲೆ ಮಿರಮಿರನೆ ಹೊಳೆಯುವುದೆಲ್ಲ ಫಲವೆಂದು ನಂಬಲಾಗದು. ಲೇಪದ ಎಣ್ಣೆಯೂ ಮೇಣವೂ ಗೀರಿನಲ್ಲಿ ತುಂಬಿಕೊಂಡು ಅದನ್ನು ಮರೆಸುವುವು. ಎರಡು ಮಳೆಗೆ ಬಲೆ ಮತ್ತೆ ಹಾಜರು. ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಂಟಿ ದೀಪದ ಕೆಳಗೆ ನೋಡಿದ ಮೇಲೆಯೇ ಹಣ ಕೊಡುವುದು ಒಳಿತು. ಸೆರಾಮಿಕ್ ಎಂದು ಮಾರುವ ಲೇಪನವು ಒಂದೆರಡು ಮೈಕ್ರಾನಿನಷ್ಟು ತೆಳುವಾದುದು. ಕೊಳೆ ಅಂಟದಂತೆ ನೆರವಾಗುವುದೇ ಹೊರತು ಬೆಣಚಿನ ಕಣಕ್ಕೆ ಅದು ಕೋಟೆಯಲ್ಲ.

ನೀರಿನ ವಿಷಯ ಒಂದು ಉಳಿಯಿತು. ಕೊಳವೆಬಾವಿಯ ಗಡಸು ನೀರಿನಿಂದ ತೊಳೆದು ಬಿಸಿಲಿನಲ್ಲಿ ಹಾಗೆಯೇ ಆರಲು ಬಿಟ್ಟರೆ ಸುಣ್ಣದ ಬಿಳಿ ಉಂಗುರಗಳು ಕೂರುವುವು. ಹೊಸದಾಗಿದ್ದಾಗ ನೀರು ಬೆರೆಸಿದ ವಿನಿಗರಿನಿಂದ ಒರೆಸಿ ಕೂಡಲೇ ತೊಳೆದರೆ ಅವು ಕರಗುವುವು. ಹಳೆಯದಾದರೆ ಹೊದಿಕೆಯನ್ನೇ ಕೊರೆಯುವುವು. ಹೊಂಚಿಟ್ಟ ಮಳೆನೀರಿಗೆ ಈ ದೋಷವಿಲ್ಲ.