ದಿಮ್ಮಿ ಎತ್ತಬೇಡಿ, ಉರುಳಿಸಿ: ಸೌದೆ ಮಾಡಲು ಹೊರಟ ಹೊಸಬರಿಗೆ

2019ರ ಆಗಸ್ಟ್ 9ರಂದು ಮೃತ್ಯುಂಜಯ ಹೊಳೆ ಉಕ್ಕಿದಾಗ ದಕ್ಷಿಣ ಕನ್ನಡದ ಚಾರ್ಮಾಡಿಗೆ ನೀರಿನ ಜೊತೆ ಘಟ್ಟದ ಕಾಡೇ ಇಳಿದು ಬಂತು. ಅಲ್ಲಿನ ಕೊಳಂಬೆಯ ಮನೆ, ತೋಟಗಳಲ್ಲಿ ಮರಳು ತುಂಬಿತು. ಬೇರುಸಹಿತ ಕಿತ್ತು ಬಂದ ಮರಗಳು ಸೇತುವೆಗಳಿಗೆ ಅಡ್ಡ ಬಿದ್ದು ಹೊಳೆಯನ್ನೇ ತಿರುಗಿಸಿದವು. ಇಂಥ ಮರಗಳನ್ನು ಜೆಸಿಬಿ ಎತ್ತೀತು, ನಿಜ. ಆದರೆ ಅಡಿಕೆ ಸಾಲಿನ ನಡುವೆ, ತೋಡಿನ ಬದಿಯಲ್ಲಿ, ಗುಡ್ಡದ ರಬ್ಬರ್ ತಟ್ಟಿನಲ್ಲಿ ಯಂತ್ರ ಇಳಿಯುವುದಿಲ್ಲ. ಅಲ್ಲಿ ಹಾರೆ, ಹಗ್ಗ, ಅಡೆ ಇವೇ ಗತಿ. ಈಗ ಈ ಕೆಲಸ ಬಲ್ಲ ಹಿರಿಯರು ಕಡಿಮೆಯಾಗಿದ್ದಾರೆ. ಹೊಸಬರು ಮೈಬಲ ನಂಬಿ ಹೋಗಿ ಸೊಂಟ ಹಿಡಿಸಿಕೊಳ್ಳುತ್ತಾರೆ, ಇಲ್ಲವೇ ಪಾದ ಜಜ್ಜಿಸಿಕೊಳ್ಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಕೇಳಿ, ನೋಡಿ, ತಟ್ಟಿ

ಹೊಳೆಯಲ್ಲಿ ತೇಲಿ ಬಂದ ಮರ ನಿಮ್ಮ ತೋಟದಲ್ಲಿ ಬಿದ್ದಿದ್ದರೂ ತಾನಾಗಿ ನಿಮ್ಮದಾಗುವುದಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ, 1963ರಲ್ಲಿ ಅದಕ್ಕೆಂದೇ ನಿಯಮಗಳಿವೆ. ಅರಣ್ಯ ಇಲಾಖೆಯವರನ್ನು ಕೇಳಿಯೇ ಕತ್ತಿ ಹಾಕಿ.

ಆಮೇಲೆ ದಿಮ್ಮಿಯ ಸುತ್ತ ಒಮ್ಮೆ ನಡೆಯಿರಿ. ಇಳಿಜಾರು ಯಾವ ಕಡೆ, ಉರುಳಿದರೆ ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸಿಕೊಳ್ಳಿ. ಉದ್ದನೆ ಕೋಲಿನಿಂದ ಎರಡೂ ಬದಿ ತಟ್ಟಿ. ಅಡಿಯಲ್ಲಿ ಹಾವು, ಚೇಳು ಇದ್ದರೆ ಹೊರಬರಲು ಸಮಯ ಕೊಡಿ. ರಾಶಿಯಾಗಿ ಬಿದ್ದಿದ್ದರೆ ಮೇಲಿನ ದಿಮ್ಮಿಯಿಂದಲೇ ಶುರು ಮಾಡಿ. ಅಡಿಯದನ್ನು ಎಳೆದರೆ ಇಡೀ ರಾಶಿ ಮೈಮೇಲೆ ಬರುತ್ತದೆ.

ಹಂತ 2: ಸಾಮಾನು

ಐದಾರು ಅಡಿಯ ಕಬ್ಬಿಣದ ಸಬ್ಬಲು ಒಂದು (ನಮ್ಮ ಕಡೆ ಹಾರೆ ಎಂದರೆ ಗುದ್ದಲಿ ತರುವವರೂ ಇದ್ದಾರೆ; ನಾನು ಹೇಳುವ ಹಾರೆ ಈ ಸಬ್ಬಲೇ), ಗಟ್ಟಿ ಮರದ ಮೀಟುಗೋಲು ಒಂದು, ದಿಮ್ಮಿ ಉರುಳದಂತೆ ತಡೆಯುವ ಬೆಣೆಯಾಕಾರದ ಅಡೆ ಕನಿಷ್ಠ ನಾಲ್ಕು, ದಪ್ಪ ಹಗ್ಗ, ಗರಗಸ, ಕತ್ತಿ. ಕಾಲಿಗೆ ಗಟ್ಟಿ ಬೂಟು ಬೇಕು, ಹವಾಯಿ ಚಪ್ಪಲಿ ಬೇಡ.

ಸಾಧ್ಯವಾದರೆ ಕೊಕ್ಕೆಗೋಲೊಂದನ್ನು ಮಾಡಿಸಿ. ನಾಲ್ಕೈದು ಅಡಿಯ ಹಿಡಿ, ಅದರ ಕೆಳಭಾಗದಲ್ಲಿ ಕೀಲಿನ ಮೇಲೆ ಆಡುವ ಬಾಗಿದ ಕೊಕ್ಕೆ. ಕೊಕ್ಕೆ ತೊಗಟೆಗೆ ಕಚ್ಚಿಕೊಂಡಾಗ ಹಿಡಿ ಎಳೆದರೆ ದಿಮ್ಮಿ ತಿರುಗುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ ನದಿಯಲ್ಲಿ ದಿಮ್ಮಿ ತೇಲಿಸುವವರಿಗಾಗಿ ಜೋಸೆಫ್ ಪೀವಿ ಎಂಬ ಕಮ್ಮಾರ 1850ರ ದಶಕದಲ್ಲಿ ಇದನ್ನು ಸುಧಾರಿಸಿದ. ಹಳೆಯ ಕೊಕ್ಕೆ ಎತ್ತೆತ್ತಲೋ ಓಲಾಡುತ್ತಿತ್ತು. ಅವನು ಅದು ಮೇಲೆ ಕೆಳಗೆ ಮಾತ್ರ ಆಡುವಂತೆ ಕೀಲು ಹಾಕಿ, ತುದಿಗೊಂದು ಮೊಳೆ ಕೂರಿಸಿದ. ಲಾರಿಯ ಹಳೆ ಪ್ಲೇಟಿನಿಂದ ಕತ್ತಿ ತಟ್ಟುವ ನಮ್ಮ ಕಮ್ಮಾರರಿಗೆ ಚಿತ್ರ ತೋರಿಸಿದರೆ ಇದು ಕಷ್ಟದ ಕೆಲಸವಲ್ಲ.

ಹಂತ 3: ಅಡೆ ಮೊದಲು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಹಾರೆ ಮುಟ್ಟುವ ಮೊದಲು ದಿಮ್ಮಿಯ ಇಳಿಜಾರಿನ ಕಡೆ ಎರಡು ಅಡೆ ಇಡಿ, ಎರಡೂ ತುದಿಗೆ ಒಂದೊಂದು. ದಿಮ್ಮಿ ಎಲ್ಲಿಯವರೆಗೆ ಬರಬೇಕೋ ಅಲ್ಲಿ ಇನ್ನೆರಡು. ಎಷ್ಟೋ ದಿನದಿಂದ ಅಲುಗದೆ ಬಿದ್ದಿದೆ, ಇನ್ನೆಲ್ಲಿ ಉರುಳೀತು ಎಂದುಕೊಳ್ಳಬೇಡಿ. ಅಡಿಯ ಮಣ್ಣು ಅದನ್ನು ಹಿಡಿದಿರುತ್ತದೆ. ಹಾರೆ ಆ ಹಿಡಿತ ಬಿಡಿಸಿದ ಕೂಡಲೇ ಅದು ಹೊರಡುತ್ತದೆ. ನಮ್ಮ ಕೆಂಪು ಮುರಮಣ್ಣು ಒಣಗಿದಾಗ ಗೋಲಿಗಳ ಹಾಗೆ ಜಾರುತ್ತದೆ, ಒದ್ದೆಯಾದಾಗ ಸಾಬೂನಿನ ಹಾಗೆ.

ನಲವತ್ತು ಸೆಂಟಿಮೀಟರ್ ದಪ್ಪ, ಎರಡು ಮೀಟರ್ ಉದ್ದದ ಹಸಿ ದಿಮ್ಮಿ 200 ಕೆ.ಜಿ. ಮೀರಿ ತೂಗುತ್ತದೆ. ಹೊರಟ ಮೇಲೆ ಅದನ್ನು ಕಾಲು ಕೊಟ್ಟು ನಿಲ್ಲಿಸಲು ಯಾರಿಂದಲೂ ಆಗದು. ಆದ್ದರಿಂದ ಇಳಿಜಾರಿನ ಕಡೆ ಯಾರೂ ನಿಲ್ಲಬಾರದು, ಒಂದು ಕ್ಷಣಕ್ಕೂ, ಅಡೆ ಸರಿಪಡಿಸುವ ನೆಪದಲ್ಲೂ. ಅಡೆಯನ್ನು ತುದಿಯ ಕಡೆಯಿಂದ ಕೋಲಿನಲ್ಲಿ ತಳ್ಳಿ.

ಹಂತ 4: ಮೀಟುವುದು

ಹಾರೆಯ ಮೂತಿಯನ್ನು ದಿಮ್ಮಿಯಡಿ ತೂರಿಸಿ, ಅದರ ಹತ್ತಿರವೇ ಒಂದು ಚಪ್ಪಟೆ ಕಲ್ಲನ್ನು ಆನಿಕೆಯಾಗಿ ಇಡಿ. ಐದಡಿ ಹಾರೆಯಲ್ಲಿ ಅರ್ಧ ಅಡಿ ಕಲ್ಲಿನಿಂದ ಮುಂದೆ, ನಾಲ್ಕೂವರೆ ಅಡಿ ಹಿಂದೆ ಇದ್ದರೆ ನಿಮ್ಮ ಬಲ ಒಂಬತ್ತು ಪಟ್ಟಾಗುತ್ತದೆ, 25 ಕೆ.ಜಿ. ಒತ್ತಿದರೆ 225 ಕೆ.ಜಿ. ಏಳುತ್ತದೆ. ಕಲ್ಲು ಒಂದು ಗೇಣು ಹಿಂದೆ ಸರಿದರೂ ಈ ಲಾಭ ಬಹುಪಾಲು ಹೋಯಿತು. ಮಣ್ಣು ಮೆತ್ತಗಿದ್ದರೆ ಕಲ್ಲಿನಡಿ ಹಲಗೆ ಕೊಡಿ, ಇಲ್ಲದಿದ್ದರೆ ದಿಮ್ಮಿ ಏಳುವ ಬದಲು ಕಲ್ಲು ಹೂತುಹೋಗುತ್ತದೆ.

ಹಾರೆಯ ಪಕ್ಕದಲ್ಲಿ ನಿಂತು ಒತ್ತಿ. ಅದನ್ನು ಕಾಲುಗಳ ನಡುವೆ ಇಟ್ಟುಕೊಳ್ಳಬೇಡಿ, ಮೇಲೆ ಬಗ್ಗಿ ಗಲ್ಲ ಒಡ್ಡಬೇಡಿ. ಮೂತಿ ಜಾರಿದರೆ ಹಿಡಿ ಸಿಡಿದು ಬರುತ್ತದೆ. ಒಬ್ಬರು ಮೀಟಿ ಎತ್ತಿದಷ್ಟಕ್ಕೆ ಇನ್ನೊಬ್ಬರು ಹಿಂದಿನಿಂದ ಅಡೆ ತಳ್ಳಬೇಕು. ಬೆರಳಿನಷ್ಟು ಎದ್ದಿತು, ಅಡೆ ಹೋಯಿತು. ಇನ್ನೊಂದು ಬೆರಳು, ಮತ್ತೆ ಅಡೆ. ಇಬ್ಬರೂ ಒಂದೇ ಸಲ ಬಲ ಹಾಕಲು 'ಐಸಾ' ಕೂಗುವುದು ಸುಮ್ಮನೆ ಬಂದ ರೂಢಿಯಲ್ಲ, ಆ ಕೂಗು ಬಿಡಬೇಡಿ.

ಹಂತ 5: ಕೊಯ್ದು ಮಗುಚುವುದು

ಹೊಳೆಯ ದಿಮ್ಮಿಯ ತೊಗಟೆಯೊಳಗೆ ಮರಳು ಕೂತಿರುತ್ತದೆ. ಕೊಯ್ಯಲು ಗೆರೆ ಹಾಕಿದ ಕಡೆ ಕತ್ತಿಯಿಂದ ತೊಗಟೆ ಕೆತ್ತಿ ತೆಗೆಯದಿದ್ದರೆ ಗರಗಸದ ಹಲ್ಲು ಹತ್ತೇ ನಿಮಿಷದಲ್ಲಿ ಮೊಂಡಾಗುತ್ತದೆ. ಬಚ್ಚಲೊಲೆಗೆ ಎರಡಡಿಯ ತುಂಡು ಸಾಕು. ಎಲ್ಲ ಗೆರೆಗಳಲ್ಲೂ ಮುಕ್ಕಾಲು ಭಾಗ ಮಾತ್ರ ಕೊಯ್ಯಿರಿ. ಆಮೇಲೆ ಕೊಕ್ಕೆಗೋಲಿನಿಂದ ದಿಮ್ಮಿಯನ್ನು ಮಗುಚಿ, ಉಳಿದ ಕಾಲು ಭಾಗವನ್ನು ಮೇಲಿನಿಂದಲೇ ಮುಗಿಸಿ. ಆಗ ಗರಗಸ ನೆಲಕ್ಕೆ ತಾಗುವುದಿಲ್ಲ. ಬೇರಿನ ಬುಡ ಇರುವ ಮರವಾದರೆ ಆ ಕಡೆಯ ಕೊಯ್ತವನ್ನು ಅನುಭವಿಗಳಿಗೆ ಬಿಡಿ: ಕಾಂಡದ ಭಾರ ತಪ್ಪಿದ ಕೂಡಲೇ ಬುಡ ಧಡಕ್ಕನೆ ಎದ್ದು ನಿಲ್ಲಬಹುದು.

ಹಂತ 6: ಸಾಗಿಸುವುದು

ಇಡೀ ದಿಮ್ಮಿಯನ್ನೇ ಸಾಗಿಸುವುದಾದರೆ, ಸಮನೆಲದಲ್ಲಿ ಅಡಿಕೆ ಮರದ ತುಂಡುಗಳನ್ನು ಉರುಳೆಯಾಗಿ ಹಾಸಿ ತಳ್ಳಿ. ಹಿಂದೆ ಬಿಟ್ಟ ಉರುಳೆಯನ್ನು ಮುಂದೆ ತಂದಿಡುತ್ತಾ ಹೋಗಿ. ತಟ್ಟಿನ ಮೇಲಕ್ಕೆ ಹತ್ತಿಸಬೇಕಾದರೆ ಹಗ್ಗದ ಒಂದು ತುದಿಯನ್ನು ಮೇಲಿನ ಗಟ್ಟಿ ಮರಕ್ಕೆ ಕಟ್ಟಿ, ದಿಮ್ಮಿಯಡಿ ಹಾಯಿಸಿ, ಮೇಲಿನಿಂದ ವಾಪಸು ತಂದು ಎಳೆಯಿರಿ. ದಿಮ್ಮಿ ಹಗ್ಗದ ಮಡಿಲಲ್ಲಿ ಉರುಳುತ್ತಾ ಏರುತ್ತದೆ, ಬಲ ಸುಮಾರು ಅರ್ಧ ಸಾಕು. ಎರಡು ತುದಿಗೆ ಎರಡು ಹಗ್ಗ ಹಾಕಿ, ಇಬ್ಬರೂ ಸಮನಾಗಿ ಎಳೆಯಬೇಕು. ಇಲ್ಲೂ ಅಡೆ ಹಿಡಿದವರು ದಿಮ್ಮಿಯ ತುದಿಯಲ್ಲಿರಲಿ, ಕೆಳಗಲ್ಲ.

ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯೊಳಗೆ ಸೀಳಿ, ಒಣಗಿಸಿ, ಸೂರಿನಡಿ ಪೇರಿಸಿದ ಸೌದೆ ಮಾತ್ರ ಮಳೆಗಾಲದ ಆಟಿ ತಿಂಗಳಲ್ಲಿ ಹೊಗೆಯಾಡದೆ ಉರಿಯುತ್ತದೆ. ಹಾಗೆಂದು ಕೊನೆಯ ವಾರದ ಅವಸರಕ್ಕೆ ಬಿದ್ದು ಒಬ್ಬರೇ ಹಾರೆ ಹಿಡಿದು ಇಳಿಯಬೇಡಿ. ಅಡೆ ಇಡಲು ಇನ್ನೊಬ್ಬರು ಸಿಗುವವರೆಗೆ ದಿಮ್ಮಿ ಅಲ್ಲೇ ಬಿದ್ದಿರಲಿ.