ಕಾಲೇಜ್ ಟೀಮಿನಿಂದ ಹರಾಜಿಗೆ ಎಷ್ಟು ದೂರ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನೇ ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ, ಅದೇ ‘ಡ್ರಾಫ್ಟ್’. ನಮ್ಮ ಕ್ರಿಕೆಟ್‌ನಲ್ಲಿ ಹಾಗಿಲ್ಲ. ಐಪಿಎಲ್ ಹರಾಜಿಗೆ ಹೆಸರು ಹೋಗೋದು ರಾಜ್ಯ ಸಂಸ್ಥೆಯ ಮೂಲಕ.

ನಮ್ಮ ದಾವಣಗೆರೆಯ ವಿನಯ್ ಕುಮಾರ್ ಅವರನ್ನೇ ನೋಡೋಣ. ಕರ್ನಾಟಕ ರಣಜಿ ತಂಡಕ್ಕೆ ಬಂದದ್ದು 2004-05ರಲ್ಲಿ, ಆರ್‌ಸಿಬಿಗೆ 2008ರಲ್ಲಿ. ಹೆಸರು ಮಾಡಿದ್ದು ಮೊದಲು ರಣಜಿಯಲ್ಲೇ.

ಆವರಗೆರೆ ಬಯಲಲ್ಲಿ ನಾವು ಹೊಡೆಯೋ ಟೆನಿಸ್ ಬಾಲ್ ಸಿಕ್ಸರ್, ಗೆಲ್ಲೋ ಇಂಟರ್ ಕಾಲೇಜ್ ಕಪ್ ಖುಷಿ ಕೊಡುತ್ತವೆ, ಅಷ್ಟೇ. ದಾರಿ ಶುರುವಾಗೋದು ಕೆಎಸ್‌ಸಿಎ ಕ್ಲಬ್ ಲೀಗ್‌ನಿಂದ. ಮುಂದೆ ವಲಯ ತಂಡ, ಮಹಾರಾಜ ಟ್ರೋಫಿ, ರಾಜ್ಯ ತಂಡ. ಆ ಟ್ರೋಫಿಯಲ್ಲೂ ಇರೋದು ಆರೇ ತಂಡ.

ಬಿ.ಇ. ಓದುವ ನಾಲ್ಕು ವರ್ಷವೇ ಈ ಮೆಟ್ಟಿಲು ಹತ್ತುವ ವಯಸ್ಸೂ ಹೌದು. ಆಡೋರು ಮೊದಲ ವರ್ಷವೇ ಕ್ಲಬ್ ಸೇರೋಣ. ಅಟೆಂಡೆನ್ಸ್ ಮೇಲೂ ಕಣ್ಣಿಡೋಣ. ಹರಾಜಿನಲ್ಲಿ ಹೆಸರು ಬರದಿದ್ದರೂ ಡಿಗ್ರಿ ಕೈಯಲ್ಲಿರಬೇಕು.