ಅಯಸ್ಕಾಂತದಲ್ಲಿ ಬರೆದ ಅಕ್ಷರ

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದೆ. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಯಿತು; ಬರೆದದ್ದೆಲ್ಲ ಅಳಿಸಿಹೋಯಿತು. ಕಡೆಯ ದಿನಕ್ಕೆ ಉಳಿದಿದ್ದುದು ಒಂದೇ ದಿನ. ಶಾಲೆಯ ಮುಖ ಕಾಣದ ನನ್ನ ಅವ್ವ ಇದನ್ನು ಕೇಳಿ, "ದೀಪ ಆರಿದ್ರ ಪುಸ್ತಕದಾಗಿನ ಅಕ್ಷರ ಅಳೀತಾವೇನು?" ಎಂದಳು. ಕಲಾ ವಿಭಾಗದವನಾದ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಕಂಪ್ಯೂಟರು ಕೆಲಸ ಮಾಡುವಾಗ ನೆನಪಿಡುವುದು ಸಣ್ಣ ಕೋಶಗಳಲ್ಲಿ ತುಂಬಿದ ವಿದ್ಯುತ್ತಿನಿಂದ. ಅದು ತೂತುಗಡಿಗೆಯ ನೀರಿನಂತೆ ಸೋರುತ್ತಿರುತ್ತದೆ. ಸೆಕೆಂಡಿಗೆ ಹಲವು ಸಲ ಮತ್ತೆ ತುಂಬಬೇಕು. ಅಯಸ್ಕಾಂತ ಹಾಗಲ್ಲ. ಒಮ್ಮೆ ಒಂದು ದಿಕ್ಕಿಗೆ ತಿರುಗಿಸಿದರೆ, ಕರೆಂಟಿಲ್ಲದೆಯೂ ಹಾಗೆಯೇ ನಿಲ್ಲುತ್ತದೆ. ಒಂದು ದಿಕ್ಕು 0, ಎದುರು ದಿಕ್ಕು 1 ಎಂದಿಟ್ಟುಕೊಂಡರೆ ಅದೇ ಬರಹ.

ಆದರೆ ತಿರುಗಿಸುವುದು ಹೇಗೆ? ತಂತಿಯಲ್ಲಿ ಹರಿಯುವ ವಿದ್ಯುತ್ತು ಪಕ್ಕದ ದಿಕ್ಸೂಚಿಯ ಮುಳ್ಳನ್ನು ಅಲುಗಿಸುತ್ತದೆಂದು 1820ರಲ್ಲಿ ಅರ್ಸ್ಟೆಡ್ ಕಂಡರು. ಈ ಉಪಾಯದಲ್ಲಿ ಒಂದು ತೊಡಕುಂಟು. ತಂತಿಯ ಪ್ರಭಾವ ಸುತ್ತಲೂ ಹರಡುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೋಮೀಟರು. ಕೆಲವೇ ಹತ್ತು ನ್ಯಾನೋಮೀಟರಿನ ಅಯಸ್ಕಾಂತಗಳು ಒತ್ತೊತ್ತಾಗಿದ್ದರೆ, ಒಂದನ್ನು ತಿರುಗಿಸಹೋಗಿ ನೆರೆಯದನ್ನೂ ಕೆಡಿಸಿದಂತಾಗುತ್ತದೆ.

1996ರಲ್ಲಿ ಅಮೆರಿಕದಲ್ಲಿ ಸ್ಲಾನ್ಜೆವ್‌ಸ್ಕಿ ಮತ್ತು ಬರ್ಗರ್ ಬೇರೆಬೇರೆಯಾಗಿಯೇ ಒಂದು ದಾರಿ ತೋರಿದರು: ವಿದ್ಯುತ್ತನ್ನು ಅಯಸ್ಕಾಂತದ ಪಕ್ಕದಲ್ಲಲ್ಲ, ಅದರ ಒಳಗೇ ಹರಿಸಬೇಕು! ಪ್ರತಿಯೊಂದು ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಗುಣವುಂಟು. ಅದರಿಂದ ಅದೂ ಒಂದು ಪುಟ್ಟ ಅಯಸ್ಕಾಂತವೇ. ದಪ್ಪನೆಯ ಕಾಂತಪದರವನ್ನು ಹಾದು ಬರುವಾಗ ಬಹುಪಾಲು ಸ್ಪಿನ್ನುಗಳು ಒಂದೇ ಕಡೆಗಿರುತ್ತವೆ. ನಡುವಿನ ತಾಮ್ರವನ್ನು ದಾಟಿ ತೆಳುವಾದ ಎರಡನೆಯ ಕಾಂತಪದರವನ್ನು ಹೊಕ್ಕಾಗ, ತಮ್ಮ ತಿರುಚುವ ಬಲವನ್ನು ಅದಕ್ಕೆ ಒಪ್ಪಿಸುತ್ತವೆ. ಒಂದೊಂದರ ನೂಕು ಅಲ್ಪ. ಲಕ್ಷಾಂತರ ಸೇರಿದಾಗ ಆ ಪದರದ ಕಾಂತತ್ವ ಬುಗುರಿಯಂತೆ ಓಲಾಡುತ್ತ ಕೊನೆಗೆ ಮಗುಚಿಕೊಳ್ಳುತ್ತದೆ. ಪ್ರವಾಹವನ್ನು ಎದುರಾಗಿ ಹರಿಸಿದರೆ ಹಿಂದಿನ ದಿಕ್ಕಿಗೇ ಮರಳುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಕೋಬಾಲ್ಟ್ ಮತ್ತು ತಾಮ್ರದ ಪುಟ್ಟ ಕಂಬಗಳಲ್ಲಿ ಇದನ್ನು ಮಾಡಿ ತೋರಿಸಿದರು. ಈ ತತ್ತ್ವದ ಸ್ಮೃತಿ ಚಿಪ್ಪುಗಳು ಇಂದು ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ತಾಮ್ರದ ಬದಲು ಮೆಗ್ನೀಸಿಯಮ್ ಆಕ್ಸೈಡಿನ ತೆಳುಪದರವಿರುತ್ತದೆ.

ಇದನ್ನು ತಿಳಿಸಿದಾಗ ಅವ್ವ, "ಹಂಗಾದ್ರ ಎಲ್ಲಾದಕ್ಕೂ ಅದನ್ನ ಯಾಕ ಹಾಕೂದಿಲ್ಲ?" ಎಂದಳು. ಕಷ್ಟವಿರುವುದು ಅಲ್ಲಿಯೇ. ಅಯಸ್ಕಾಂತ ತೀರ ಚಿಕ್ಕದಾದರೆ ಬರಿಯ ಶಾಖದ ಅಲುಗಾಟಕ್ಕೇ ಮಗುಚೀತು. ಗಟ್ಟಿಯಾಗಿ ನಿಲ್ಲುವಂತೆ ಮಾಡಿದರೆ, ತಿರುಗಿಸಲು ಹೆಚ್ಚು ವಿದ್ಯುತ್ತು ಬೇಕು. ಹೆಚ್ಚು ಹರಿಸಿದರೆ ತೆಳುಪದರ ಸವೆಯುತ್ತದೆ. ಸುಲಭವಾಗಿ ಬರೆಯಬೇಕು, ಸುಲಭವಾಗಿ ಅಳಿಯಬಾರದು. ಎರಡೂ ಕೂಡಿಬರುವುದೇ ದುರ್ಲಭ.

ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಅರ್ಥ. ವಿಜ್ಞಾನಿಗಳು ಆ ಮಾತನ್ನು ನಿಜಮಾಡಲು ಇನ್ನೂ ದುಡಿಯುತ್ತಿದ್ದಾರೆ. ನಾನಂತೂ ಮರುದಿನ ಹೋಗಿ, ಅರ್ಜಿಯನ್ನು ಮೊದಲಿನಿಂದ ಮತ್ತೆ ತುಂಬಿ ಬಂದೆ.